ಸಹಾಯ ಬೇಕು: ಕೌದಿಯ ಕೆಂಪು ತುಂಡು ಬಣ್ಣ ಬಿಡುತ್ತಿದೆ

ಎಲ್ಲರಿಗೂ ನಮಸ್ಕಾರ, ನಾನು ಕಲಬುರಗಿಯವಳು. ತಂಗಿಯ ಬಾಣಂತನಕ್ಕೆ ಕೌದಿ ಹೊಲಿಯುತ್ತಿದ್ದೇನೆ. ಒಳಗೆ ಅವ್ವನ ಹಳೆಯ ಕಾಟನ್ ಸೀರೆಗಳು, ಮೇಲೆ ಬಣ್ಣಬಣ್ಣದ ತುಂಡುಗಳು. ಅಂಚಿನಿಂದ ಶುರು ಮಾಡಿ, ಬೆರಳಗಲ ಬಿಟ್ಟು ಸಾಲು ಹಾಕುತ್ತಾ ನಡುವಿಗೆ ಬರುತ್ತಿದ್ದೇನೆ. ಮಧ್ಯಾಹ್ನ ನಮ್ಮೂರ ಬಿಸಿಲಿಗೆ ಹೊರಗೆ ಕಾಲಿಡೋಕೆ ಆಗಲ್ಲ. ಫ್ಯಾನ್ ಕೆಳಗೆ ಸೂಜಿ ಹಿಡಿದು ಕೂತರೆ ಚಹಾ ಆರಿದ್ದೂ ಗೊತ್ತಾಗಲ್ಲ.

ತೊಂದರೆ ಇರೋದು ನಡುವಿನ ತುಂಡಿನಲ್ಲಿ. ಪಕ್ಕದ ಮನೆಯ ಲಂಬಾಣಿ ಅಕ್ಕ ಕಸೂತಿ ಹಾಕಿದ ಕೆಂಪು ಬಟ್ಟೆ ಕೊಟ್ಟಿದ್ದಾರೆ. ಕನ್ನಡಿ, ಕವಡೆ ಅವರನ್ನೇ ಕೇಳಿ ಬಿಚ್ಚಿದೆ, ಮಗುವಿಗೆ ಚುಚ್ಚಬಾರದು ಅಲ್ವಾ. ಆದರೆ ಒದ್ದೆ ಬಿಳಿ ಬಟ್ಟೆ ಒತ್ತಿ ನೋಡಿದರೆ ಕೆಂಪು ಹತ್ತುತ್ತಿದೆ. ಉಪ್ಪು ನೀರು, ವಿನೆಗರ್ ಅಂತ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ, ನನಗೇನೋ ನಂಬಿಕೆ ಇಲ್ಲ. ಮಗುವಿನ ಕೌದಿ, ಮೇಲಿಂದ ಮೇಲೆ ಒಗೆಯಲೇಬೇಕು.

ಬಟ್ಟೆ ಬಣ್ಣ ಬಿಡದಂತೆ ಹಾಕುವ ಡೈ ಫಿಕ್ಸರ್ ಬಳಸಿದವರು ಇದ್ದೀರಾ? ಕಸೂತಿ ದಾರದ ಬಣ್ಣ ಮಂಕಾಗುತ್ತಾ? ನಮ್ಮೂರ ಸೂಪರ್ ಮಾರ್ಕೆಟ್ ಏರಿಯಾ ಕಡೆ ಫಿಕ್ಸರ್ ಸಿಗುತ್ತಾ? ಹಾಗೇ ಗಟ್ಟಿ ಬಿಳಿ ಹತ್ತಿ ನೂಲು ಎಲ್ಲಿ ಸಿಗುತ್ತೆ ಅಂತಲೂ ಹೇಳಿ. ಮಷಿನ್ ದಾರ ಕೌದಿಗೆ ತಾಳಲ್ಲ.