ಐರ್ಲೆಂಡಿನ ಕುಕ್ಕೂ: ಕೂಗು ಕೇಳುತ್ತೆ, ಹಕ್ಕಿ ಕಾಣಲ್ಲ. ಗೊತ್ತಿದ್ದವರು ಹೇಳಿ

ಪ್ರಶ್ನೆ (ಡಬ್ಲಿನ್‌ನಿಂದ): ಮೇ ಮೊದಲ ವಾರ ಮೈಸೂರಿನಿಂದ ಅಪ್ಪ, ಅಮ್ಮ ಬರ್ತಿದ್ದಾರೆ. ಅಪ್ಪನಿಗೆ ಹಕ್ಕಿ ಅಂದ್ರೆ ಪ್ರಾಣ. ಕುಕ್ಕೂ ಕೂಗು ಕೇಳಿಸಬೇಕು, ಸಾಧ್ಯವಾದ್ರೆ ಹಕ್ಕಿಯನ್ನೂ ತೋರಿಸಬೇಕು. ವಿಕ್ಲೋ ಬೆಟ್ಟದಲ್ಲಿ ಕೂಗು ಕೇಳುತ್ತೆ, ಹಕ್ಕಿ ಮಾತ್ರ ಕಣ್ಣಿಗೆ ಬೀಳಲ್ಲ. ಎಲ್ಲಿಗೆ, ಎಷ್ಟು ಹೊತ್ತಿಗೆ ಹೋಗಬೇಕು? ಅಮ್ಮನಿಗೆ ಮಂಡಿ ನೋವು, ಜಾಸ್ತಿ ನಡೆಯೋಕಾಗಲ್ಲ.

ಕ್ಲೇರ್‌ನಿಂದ: ಸರಿಯಾದ ಸಮಯಕ್ಕೇ ಬರ್ತಿದ್ದಾರೆ. ಕುಕ್ಕೂ ಇಲ್ಲಿಗೆ ಬರೋದು ಏಪ್ರಿಲ್ ಮಧ್ಯದಿಂದ ಕೊನೆಯೊಳಗೆ. ಮೇ ಪೂರ್ತಿ ಜೋರಾಗಿ ಕೂಗುತ್ತೆ, ಜೂನ್ ಬಂತೆಂದರೆ ಕಡಿಮೆ. ಜೂನ್ ಮುಗಿಯುವಷ್ಟರಲ್ಲಿ ಬೆಳೆದ ಹಕ್ಕಿಗಳು ಹೆಚ್ಚಿನವು ಆಫ್ರಿಕಾದ ದಾರಿ ಹಿಡಿದಿರುತ್ತವೆ. ಚಳಿಗಾಲ ಕಳೆಯೋದು ಕಾಂಗೋ ಕಾಡುಗಳ ಕಡೆ.

ಮೊದಲು ಜಾಗದ ವಿಚಾರ. ಹಸಿರು ಹುಲ್ಲುಗಾವಲು, ಸೈಲೇಜ್ (ದನದ ಮೇವು) ಕೊಯ್ಯುವ ಹೊಲ, ಅಚ್ಚುಕಟ್ಟಾದ ಬೇಲಿ, ಇವೆಲ್ಲ ನೋಡೋಕೆ ಚಂದ, ಕುಕ್ಕೂಗೆ ಉಪಯೋಗವಿಲ್ಲ. ಅದಕ್ಕೆ ಬೇಕಾದ್ದು ಎರಡು: ತಿನ್ನೋಕೆ ಕಂಬಳಿಹುಳು, ಮೊಟ್ಟೆ ಇಡೋಕೆ ಮೆಡೋ ಪಿಪಿಟ್‌ನ ಗೂಡು. ನಮ್ಮ ಕೋಗಿಲೆಗೆ ಕಾಗೆ ಹೇಗೋ, ಐರ್ಲೆಂಡಿನ ಕುಕ್ಕೂಗೆ ಈ ಪುಟ್ಟ ಕಂದು ಗೆರೆಗಳ ಹಕ್ಕಿ ಹಾಗೆ. ಪಿಪಿಟ್ ನೆಲದ ಮೇಲೆ ಹುಲ್ಲಿನ ಬುಡದಲ್ಲಿ ಗೂಡು ಕಟ್ಟುತ್ತೆ. ಹಾಗಾಗಿ ಹೆದರ್ ಪೊದೆ ಬೆಳೆದ ಬಾಗ್ (ಪೀಟ್ ಮಣ್ಣಿನ ಜೌಗು ನೆಲ), ಕುರಿ ಮೇಯುವ ಒರಟು ಗುಡ್ಡ, ಅಲ್ಲಲ್ಲಿ ಒಂಟಿ ಹಾಥಾರ್ನ್ ಗಿಡ ಇರುವ ಸುಣ್ಣಕಲ್ಲಿನ ಬಯಲು, ಇಂಥ ನೆಲ ಹುಡುಕಿ. ನಮ್ಮ ಕ್ಲೇರ್‌ನ ಬರೆನ್, ಕಾನೆಮಾರ, ಮೇಯೋ, ಡೊನೆಗಾಲ್, ಕೆರ್ರಿ ಎಲ್ಲ ಇಂಥ ಸೀಮೆಗಳೇ. ಬರೆನ್‌ನಲ್ಲಾದರೆ ಕೊರೊಫಿನ್ ಕಡೆಯಿಂದ ಮುಲ್ಲಮೋರ್ ಬೆಟ್ಟದ ಬುಡಕ್ಕೆ ಹೋಗಿ. ರಸ್ತೆಯಲ್ಲೇ ನಿಂತು ಕೇಳಬಹುದು.

ಮೇ ಮೊದಲ ವಾರ ಸೂರ್ಯ ಹುಟ್ಟೋದು ಸುಮಾರು ಆರಕ್ಕೆ. ಬೆಳಕು ಹರಿಯುವ ಮುಂಚೆಯೇ ಕೂಗು ಶುರುವಾಗುತ್ತೆ, ಒಂಬತ್ತರವರೆಗೆ ಒಳ್ಳೆಯ ಹೊತ್ತು. ಆಮೇಲೆ ಮತ್ತೆ ಸಂಜೆ, ಕತ್ತಲಾಗುವ ಮುಂಚಿನ ಎರಡು ಗಂಟೆ. ಹಿಂದಿನ ರಾತ್ರಿ ಅಲ್ಲೇ ಹತ್ತಿರ ಉಳಿಯೋದು ಉತ್ತಮ. ಡಬ್ಲಿನ್‌ನಿಂದ ಬೆಳಿಗ್ಗೆ ಹೊರಟರೆ ತಲುಪುವಷ್ಟರಲ್ಲಿ ಕೂಗು ತಣ್ಣಗಾಗಿರುತ್ತೆ.

ಹವಾಮಾನ ನೋಡಿಕೊಳ್ಳಿ. ಮಳೆಗಿಂತ ಗಾಳಿ ಹೆಚ್ಚು ಕೆಡಿಸುತ್ತೆ. ಗಾಳಿಯಿಲ್ಲದ ದಿನ ಕೂಗು ಒಂದು ಕಿಲೋಮೀಟರ್ ಆಚೆಯಿಂದಲೂ ಬರುತ್ತೆ, ಗಾಳಿ ಬೀಸಿದರೆ ಕಾಲು ಭಾಗವೂ ಇಲ್ಲ. ಏಪ್ರಿಲ್ ಕೊನೆ, ಮೇ ಮೊದಲಲ್ಲಿ ಪಶ್ಚಿಮದಲ್ಲಿ ಥಂಡಿ ಗಾಳಿ, ಆಲಿಕಲ್ಲು ಮಾಮೂಲು. ಇಲ್ಲಿನ ಜನ ಅದನ್ನು 'ಸ್ಕಾರಾವೀನ್', ಅಂದರೆ ಕುಕ್ಕೂ ಬರುವ ಹೊತ್ತಿನ ಒರಟು ಹವೆ, ಅಂತಲೇ ಕರೀತಾರೆ. ಒಂದೇ ಬೆಳಿಗ್ಗೆಯ ಮೇಲೆ ಎಲ್ಲ ಆಸೆ ಇಡಬೇಡಿ, ಎರಡು ಬೆಳಿಗ್ಗೆ ಕೈಯಲ್ಲಿರಲಿ.

ಗಾಲ್ವೇಯಿಂದ: ಜಾಗ, ಹೊತ್ತು ಎರಡೂ ಕ್ಲೇರ್‌ನವರು ಸರಿಯಾಗಿ ಹೇಳಿದ್ದಾರೆ. ಹಕ್ಕಿ ಯಾಕೆ ಸಿಗಲ್ಲ ಅನ್ನೋದನ್ನ ನಾನು ಹೇಳ್ತೀನಿ.

ಕೂಗು ಕೇಳಿದ ಕಡೆಗೆ ನಡೆದುಕೊಂಡು ಹೋಗೋದೇ ಎಲ್ಲರೂ ಮಾಡುವ ತಪ್ಪು. ಕುಕ್ಕೂವಿನ ಸ್ವರ ತಗ್ಗಿನದು, ದಿಕ್ಕು ಸುಲಭವಾಗಿ ಸಿಗಲ್ಲ. ಕೂಗುವಾಗ ಹಕ್ಕಿ ತಲೆ ಆ ಕಡೆ ಈ ಕಡೆ ತಿರುಗಿಸುತ್ತೆ, ಆಗ ಒಮ್ಮೆ ಹತ್ತಿರ, ಒಮ್ಮೆ ದೂರ ಅನ್ನಿಸುತ್ತೆ. ಬಂಡೆ ಸಾಲು ಅಥವಾ ಸ್ಪ್ರೂಸ್ ತೋಪಿನ ಅಂಚಿದ್ದರೆ ಪ್ರತಿಧ್ವನಿ ಬೇರೆ. ನೀವು ಬಯಲಲ್ಲಿ ನಡೆದು ಬರೋದನ್ನ ಅದು ನೀವು ಅದನ್ನು ನೋಡುವ ಎಷ್ಟೋ ಮೊದಲೇ ನೋಡಿ ಹಾರಿಹೋಗಿರುತ್ತೆ.

ಹೀಗೆ ಮಾಡಿ. ನಿಂತಲ್ಲಿಂದ ಕೂಗು ಬರುವ ದಿಕ್ಕಿಗೆ ಕೈ ಚಾಚಿ, ಆ ಗೆರೆಯಲ್ಲಿ ದೂರದ ಒಂದು ಗುರುತು ಹಿಡಿದುಕೊಳ್ಳಿ. ರಸ್ತೆಯಲ್ಲೇ ಇನ್ನೂರು ಮೀಟರ್ ಪಕ್ಕಕ್ಕೆ ಹೋಗಿ ಮತ್ತೆ ಅದೇ ಮಾಡಿ. ಎರಡು ಗೆರೆ ಕೂಡುವ ಹತ್ತಿರ ಎತ್ತರಕ್ಕೆ ಎದ್ದು ಕಾಣೋದೇನಿದೆ ನೋಡಿ: ಒಂಟಿ ಹಾಥಾರ್ನ್‌ನ ತುದಿ, ರೋವನ್ ಮರ, ಬೇಲಿಗೂಟ, ಕರೆಂಟ್ ತಂತಿ. ಎಲೆಗಳ ಒಳಗೆ ಹುಡುಕಬೇಡಿ, ಗಂಡು ಸಾಮಾನ್ಯವಾಗಿ ತೆರೆದ ಜಾಗದಲ್ಲೇ ಕೂತು ಕೂಗುತ್ತೆ. ರೆಕ್ಕೆ ಎರಡೂ ಬಾಲಕ್ಕಿಂತ ಕೆಳಗೆ ಇಳಿಬಿಟ್ಟಿರುತ್ತೆ, ಬಾಲ ಸ್ವಲ್ಪ ಎತ್ತಿ ಪಕ್ಕಕ್ಕೆ ಆಡಿಸುತ್ತೆ, ಗಂಟಲು ಉಬ್ಬುತ್ತೆ. ಈ ಜೋತುಬಿದ್ದ ರೆಕ್ಕೆ ಒಮ್ಮೆ ಕಣ್ಣಿಗೆ ಹಿಡಿಸಿತೆಂದರೆ ಇನ್ನೂರು ಮೀಟರ್ ದೂರದಿಂದ ತಂತಿಯ ಮೇಲೂ ಗುರುತು ಸಿಗುತ್ತೆ.

ಹಾರಿಹೋದರೂ ಜಾಗ ಬಿಡಬೇಡಿ. ಒಂದು ಗಂಡು ನಾಲ್ಕಾರು ಕೂರುವ ಜಾಗ ಇಟ್ಟುಕೊಂಡು ಸುತ್ತುತ್ತಿರುತ್ತೆ. ನೂರು ಮೀಟರ್ ಆಚೆ ಗೋಡೆ ಮರೆಯಲ್ಲೋ ಕಾರೊಳಗೋ ಅರ್ಧ ಗಂಟೆ ಕೂತರೆ ಮತ್ತೆ ಬರುವ ಸಾಧ್ಯತೆ ಚೆನ್ನಾಗಿದೆ. ಅಮ್ಮನಿಗೂ ಇದೇ ಸುಲಭ. ಕಿಟಕಿ ಇಳಿಸಿ, ಎಂಜಿನ್ ನಿಲ್ಲಿಸಿ, ಕೂತುಬಿಡಿ. ಕಾರನ್ನು ಮಾತ್ರ ಹೊಲದ ಗೇಟಿಗೆ ಅಡ್ಡ ನಿಲ್ಲಿಸಬೇಡಿ, ಕಿರಿದಾದ ರಸ್ತೆಯಲ್ಲಿ ಎದುರು ಗಾಡಿಗೆ ದಾರಿ ಬಿಡುವ ಅಗಲದ ಜಾಗದಲ್ಲೂ ಬೇಡ. ರೈತರಿಗೆ ಇದು ದಿನದ ತೊಂದರೆ.

ಕಾಯುವಾಗ ಪಿಪಿಟ್‌ಗಳ ಮೇಲೆ ಕಣ್ಣಿಡಿ. ಎರಡು ಮೂರು ಪಿಪಿಟ್ 'ಸಿಪ್ ಸಿಪ್' ಅಂತ ಗಲಾಟೆ ಮಾಡುತ್ತಾ ಬೂದು ಬಣ್ಣದ ದೊಡ್ಡ ಹಕ್ಕಿಯೊಂದನ್ನು ಅಟ್ಟಿಸಿಕೊಂಡು ಹೋದರೆ, ಅದೇ ನಿಮ್ಮ ಹಕ್ಕಿ ಇರಬಹುದು. ಕೂಗದ ಹೆಣ್ಣನ್ನು ಹುಡುಕೋಕಂತೂ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ.

ಬೈನಾಕ್ಯುಲರ್ 8x42 ಅಥವಾ 8x32 (ಎಂಟು ಪಟ್ಟು ದೊಡ್ಡದಾಗಿ ತೋರಿಸುವಂಥದ್ದು) ಸಾಕು. 10x ಗಾಳಿಯಲ್ಲಿ ನಡುಗುತ್ತೆ, ವಯಸ್ಸಾದವರ ಕೈಯಲ್ಲಿ ಇನ್ನೂ ಹೆಚ್ಚು.

ಸ್ಲೈಗೋದಿಂದ: 'ಇರಬಹುದು' ಅಂದಿದ್ದು ಸರಿ, ಯಾಕಂದ್ರೆ ಪಿಪಿಟ್‌ಗಳು ಸ್ಪ್ಯಾರೋಹಾಕ್ ಅನ್ನೋ ಬೇಟೆಹಕ್ಕಿ ಮೇಲೂ ಹೀಗೇ ಮುಗಿಬೀಳ್ತವೆ. ಹಾರಾಟ ನೋಡಿ ಬೇರೆ ಮಾಡಬಹುದು. ಸ್ಪ್ಯಾರೋಹಾಕ್ ನಾಲ್ಕೈದು ಸಲ ರೆಕ್ಕೆ ಬಡಿದು ತೇಲುತ್ತೆ, ಮತ್ತೆ ಬಡಿಯುತ್ತೆ. ರೆಕ್ಕೆಯ ತುದಿ ಮೊಂಡು. ಕುಕ್ಕೂ ನಡುವೆ ತೇಲದೆ ಬಡಿಯುತ್ತಲೇ ಹೋಗುತ್ತೆ, ರೆಕ್ಕೆ ಬೆನ್ನಿನ ಮಟ್ಟದಿಂದ ಮೇಲೇಳೋದೇ ಅಪರೂಪ, ತುದಿ ಚೂಪು, ಬಾಲ ಉದ್ದ. ಕೆಸ್ಟ್ರೆಲ್ (ಇನ್ನೊಂದು ಬೇಟೆಹಕ್ಕಿ) ಆದರೆ ಗಾಳಿಯಲ್ಲಿ ಒಂದೇ ಕಡೆ ನಿಂತು ರೆಕ್ಕೆ ಬಡಿಯುತ್ತೆ, ಕುಕ್ಕೂ ಹಾಗೆ ಮಾಡಲ್ಲ.

ಕೂಗಿನಲ್ಲೂ ಒಂದು ಗೊಂದಲ ಇದೆ. ಮಾರ್ಚ್‌ನಲ್ಲೇ ಕುಕ್ಕೂ ಕೇಳಿತು ಅನ್ನುವವರು ಹೆಚ್ಚಾಗಿ ಕೇಳಿರೋದು ಕಾಲರ್ಡ್ ಡವ್. ಕತ್ತಿಗೆ ಕರಿ ಪಟ್ಟಿಯ ಬೆಳವ ಅದು, ಮೈಸೂರು ಕಡೆಯ ಬಯಲಲ್ಲೂ ಇರುವ ಜಾತಿ. ಅದರದ್ದು ಮೂರು ಸ್ವರ, ನಡುವಿನದು ಉದ್ದ. ಕುಕ್ಕೂವಿನದು ಎರಡು, ಮೊದಲನೆಯದು ಮೇಲೆ, ಎರಡನೆಯದು ಕೆಳಗೆ. ಅಪ್ಪನಿಗೆ ಇದನ್ನು ಮೊದಲೇ ಹೇಳಿಬಿಡಿ: ನಮ್ಮ ಕೋಗಿಲೆಯ ಹಾಗೆ ಏರುತ್ತಾ ಏರುತ್ತಾ ಹೋಗಲ್ಲ.

ಹೆಣ್ಣು 'ಕುಕ್ಕೂ' ಅನ್ನಲ್ಲ. ಕಿರಿಬಾಯಿಯ ಹೂಜಿಯಿಂದ ನೀರು ಬಗ್ಗಿಸಿದಾಗಿನ ಬುಳಬುಳ ಸದ್ದು, ಎರಡು ಮೂರು ಸೆಕೆಂಡ್ ಅಷ್ಟೇ. ಕೇಳಿದ ಕೂಡಲೇ ಸುತ್ತ ನೋಡಿ, ಗಂಡುಗಳು ಆ ಕಡೆ ಧಾವಿಸುತ್ತವೆ.

ಡಬ್ಲಿನ್‌ನವರು ಮತ್ತೆ: ಹಾಗಾದ್ರೆ ಫೋನ್‌ನಲ್ಲಿ ಹೆಣ್ಣಿನ ಸದ್ದು ಹಾಕಿದ್ರೆ ಗಂಡು ಹತ್ತಿರ ಬರುತ್ತಾ?

ಗಾಲ್ವೇಯಿಂದ: ಬರುತ್ತೆ. ಅದಕ್ಕೇ ಹಾಕಬಾರದು. ಐರ್ಲೆಂಡಿನಲ್ಲಿ ಅದಕ್ಕಿರೋದು ಎರಡು ತಿಂಗಳು ಚಿಲ್ಲರೆ. ಸಂಗಾತಿ ಹುಡುಕೋದು, ಹೊಟ್ಟೆ ತುಂಬಿಸೋದು, ಮತ್ತೆ ಆಫ್ರಿಕಾಕ್ಕೆ ಹಾರೋಕೆ ಕೊಬ್ಬು ಕಟ್ಟೋದು, ಎಲ್ಲ ಅಷ್ಟರಲ್ಲೇ ಆಗಬೇಕು. ಇಲ್ಲದ ಹೆಣ್ಣಿನ ಹಿಂದೆ ಓಡಿಸೋದು ಅನ್ಯಾಯ. ಪಿಪಿಟ್ ಗೂಡು ಹುಡುಕೋ ಆಸೆಯೂ ಬೇಡ. ನೆಲದ ಗೂಡು ಕಾಲಡಿಗೆ ಸಿಕ್ಕಿಬಿಡುತ್ತೆ, ನೀವು ತುಳಿದ ಜಾಡು ಹಿಡಿದು ನರಿಯೂ ಬರಬಹುದು. ಗೂಡಿನಲ್ಲಿರುವ ಹಕ್ಕಿಗೆ ಬೇಕೆಂದೇ ತೊಂದರೆ ಕೊಡೋದು 1976ರ ವನ್ಯಜೀವಿ ಕಾಯ್ದೆ ಪ್ರಕಾರ ಅಪರಾಧ ಕೂಡ. ಮೆಡೋ ಪಿಪಿಟ್ ಇಲ್ಲಿನ ಕೆಂಪು ಪಟ್ಟಿಯಲ್ಲಿದೆ, ಅಂದರೆ ಉಳಿವಿನ ಬಗ್ಗೆ ಹೆಚ್ಚು ಕಾಳಜಿ ಬೇಕಾದ ಹಕ್ಕಿಗಳ ಪಟ್ಟಿಯಲ್ಲಿ. ಅದು ಉಳಿದರಷ್ಟೇ ಕುಕ್ಕೂ ಉಳಿಯೋದು.

ಅಥ್ಲೋನ್‌ನಿಂದ: ಅಮ್ಮನಿಗಾಗಿ ಒಂದು ಸಲಹೆ. ಬರೆನ್‌ನ ಸುಣ್ಣಕಲ್ಲಿನ ಬಿರುಕುಗಳು ಮಂಡಿ ನೋವಿದ್ದವರಿಗೆ ಕಷ್ಟ, ಮಳೆ ಬಂದರೆ ಜಾರುತ್ತೆ. ಆಫಲಿಯ ಕ್ಲಾರಾ ಬಾಗ್ ನೋಡಿ. ಬಾಗ್ ಮೇಲೆ ಸುಮಾರು ಒಂದು ಕಿಲೋಮೀಟರ್ ಮರದ ಹಲಗೆ ದಾರಿ, ಸಮತಟ್ಟು, ಸುತ್ತಿ ಅಲ್ಲಿಗೇ ಬಂದು ಸೇರುತ್ತೆ. ಡಬ್ಲಿನ್‌ನಿಂದ ಗಾಲ್ವೇ ದಾರಿಯಲ್ಲೇ ಬರುತ್ತೆ, ಪಶ್ಚಿಮಕ್ಕೆ ಹೋಗುವಾಗ ಮೊದಲ ನಿಲ್ದಾಣ ಮಾಡಿಕೊಳ್ಳಬಹುದು. ಅದೇ ಕೌಂಟಿಯ ಲಫ್ ಬೋರಾದಲ್ಲೂ ದಾರಿಗಳು ಸಮತಟ್ಟು. ಹಲಗೆ ದಾರಿಯಿಂದ ಕೆಳಗಿಳಿಯಬೇಡಿ, ಬಾಗ್ ಮೇಲೆ ಗಟ್ಟಿ ಕಂಡರೂ ಕಾಲು ಹೂತುಹೋಗುತ್ತೆ.

ಬಟ್ಟೆ ಬಗ್ಗೆ ಯಾರೂ ಹೇಳಲಿಲ್ಲ. ಮೇ ಅಂದರೆ ಮೈಸೂರಲ್ಲಿ ಬೇಸಿಗೆ, ಇಲ್ಲಿ ಬೆಳಗಿನ ಜಾವ ನಾಲ್ಕೈದು ಡಿಗ್ರಿ ಇರಬಹುದು. ಸ್ವೆಟರ್ ಮೇಲೆ ಗಾಳಿ ತಡೆಯುವ ಜಾಕೆಟ್, ಕಿವಿ ಮುಚ್ಚುವ ಟೋಪಿ. ಕೂಗು ಕೇಳುವಾಗ ಮಾತ್ರ ಟೋಪಿ ಎತ್ತಿಕೊಳ್ಳಿ.

ಕೆರ್ರಿಯಿಂದ: ಕುರಿಮರಿಗಳ ಕಾಲ ಇದು. ಗೇಟ್ ತೆರೆದಿದ್ದರೆ ತೆರೆದೇ ಇರಲಿ, ಮುಚ್ಚಿದ್ದರೆ ಮುಚ್ಚಿ ಬನ್ನಿ. ಖಾಸಗಿ ಜಮೀನಿಗೆ ಇಳಿಯುವ ಹಕ್ಕು ಇಲ್ಲಿ ಇಲ್ಲ, ಮನೆ ಕಂಡರೆ ಕೇಳಿ. ಎಷ್ಟೋ ರೈತರು ಕುಕ್ಕೂ ಎಲ್ಲಿ ಕೂರುತ್ತೆ ಅಂತಲೂ ತೋರಿಸ್ತಾರೆ.

ಹೆದರ್, ಬ್ರ್ಯಾಕನ್ ಜರೀಗಿಡಗಳ ನಡುವೆ ಹೋದರೆ ಉಣ್ಣೆ (ರಕ್ತ ಹೀರುವ ಟಿಕ್) ಹತ್ತುತ್ತೆ. ಪ್ಯಾಂಟನ್ನು ಸಾಕ್ಸ್ ಒಳಗೆ ಸೇರಿಸಿ, ರೂಮಿಗೆ ಬಂದ ಮೇಲೆ ಮಂಡಿ ಹಿಂಭಾಗ, ತೊಡೆ ಸಂದು, ಸೊಂಟ ನೋಡಿಕೊಳ್ಳಿ. ಕಚ್ಚಿಕೊಂಡಿದ್ದರೆ ಚೂಪು ಚಿಮಟದಿಂದ ಚರ್ಮಕ್ಕೆ ತಾಗಿದಂತೆ ಹಿಡಿದು ನೇರ ಮೇಲಕ್ಕೆ ಎಳೆಯಿರಿ. ಎಣ್ಣೆ, ಬೆಂಕಿಕಡ್ಡಿ ಯಾವುದೂ ಬೇಡ. ಮುಂದಿನ ಒಂದು ತಿಂಗಳೊಳಗೆ ಆ ಜಾಗದ ಸುತ್ತ ಕೆಂಪು ಹರಡಿದರೆ ಡಾಕ್ಟರ ಹತ್ತಿರ ಹೋಗಿ, ಉಣ್ಣೆ ಕಚ್ಚಿದ್ದನ್ನು ಹೇಳಿ. ಅಷ್ಟರಲ್ಲಿ ಅಪ್ಪ, ಅಮ್ಮ ಮೈಸೂರಲ್ಲಿರ್ತಾರೆ, ಅಲ್ಲಿನ ಡಾಕ್ಟರಿಗೆ ಈ ಉಣ್ಣೆಯಿಂದ ಬರುವ ಲೈಮ್ ಕಾಯಿಲೆ ಥಟ್ಟನೆ ಹೊಳೆಯದಿರಬಹುದು. ಕಚ್ಚಿದ ತಾರೀಕು, ಜಾಗ ಒಂದು ಚೀಟಿಯಲ್ಲಿ ಬರೆದು ಕಳಿಸಿ.