ಪ್ಲೇಟ್‌ಲೆಟ್ 32 ಸಾವಿರ, ಆದರೆ ಅಮ್ಮ ಆರಾಮಾಗಿದ್ದಾರೆ. ರಿಪೋರ್ಟ್ ನಂಬಬಹುದಾ?

ಸೇಡಂ ರೋಡ್:
ನಾವು ಕಲಬುರಗಿಯವರು. ಅಮ್ಮನಿಗೆ ಪಿತ್ತಕೋಶದ ಕಲ್ಲಿನ ಆಪರೇಷನ್ ಇತ್ತು. ಅದಕ್ಕೂ ಮುಂಚೆ ರಕ್ತ ಕೊಟ್ಟರೆ ಪ್ಲೇಟ್‌ಲೆಟ್ 32 ಸಾವಿರ ಅಂತ ಬಂತು. ಜ್ವರ ಇಲ್ಲ, ಒಸಡಲ್ಲಿ ರಕ್ತ ಇಲ್ಲ, ಮೈಮೇಲೆ ಒಂದು ಕೆಂಪು ಚುಕ್ಕೆಯೂ ಇಲ್ಲ, ಬೆಳಿಗ್ಗೆ ಎಲ್ಲರಿಗೂ ರೊಟ್ಟಿ ಬಡಿದು ಹಾಕಿದ್ದಾರೆ. ಈಗ ಆಪರೇಷನ್ ಬೇಡ, ಸ್ಟೀರಾಯ್ಡ್ ಶುರು ಮಾಡೋಣ ಅಂತ ಡಾಕ್ಟರು ಹೇಳುತ್ತಿದ್ದಾರೆ. ಅಮ್ಮನಿಗೆ ಶುಗರ್ ಬೇರೆ ಇದೆ. ಹೈದರಾಬಾದಿಗೆ ಕರೆದುಕೊಂಡು ಹೋಗಬೇಕಾ?

ನೇರಳೆ ಮುಚ್ಚಳ:
ಹೈದರಾಬಾದ್ ಆಮೇಲೆ ನೋಡೋಣ. ಸ್ಮಿಯರ್, ಅಂದರೆ ಗಾಜಿನ ಮೇಲೆ ರಕ್ತ ಸವರಿ ಮೈಕ್ರೋಸ್ಕೋಪಿನಲ್ಲಿ ನೋಡೋದು, ಮಾಡಿದ್ದಾರಾ ಕೇಳಿ. ನಾನು ಬೀದರಿನಲ್ಲಿ ಲ್ಯಾಬ್ ಕೆಲಸ ಮಾಡುತ್ತೇನೆ, ಇಂಥ ಕೇಸ್ ಆಗಾಗ ಬರುತ್ತವೆ. ನೇರಳೆ ಮುಚ್ಚಳದ ಟ್ಯೂಬಿನಲ್ಲಿ ರಕ್ತ ಹೆಪ್ಪುಗಟ್ಟದಿರಲಿ ಅಂತ ಇಡಿಟಿಎ ಅನ್ನೋ ರಾಸಾಯನಿಕ ಇರುತ್ತದೆ. ಸಾವಿರಕ್ಕೆ ಒಬ್ಬರಿಗೆ ಅನ್ನಿ, ಅದೇ ಇಡಿಟಿಎ ಸೇರಿದ ಕೂಡಲೇ ಪ್ಲೇಟ್‌ಲೆಟ್‌ಗಳು ಒಂದಕ್ಕೊಂದು ಅಂಟಿ ಗಂಟಾಗುತ್ತವೆ. ಮೆಷಿನ್ ಎಣಿಸುವುದು ಗಾತ್ರ ನೋಡಿ. ಗಂಟು ದೊಡ್ಡದು, ಹಾಗಾಗಿ ಲೆಕ್ಕಕ್ಕೇ ಬರಲ್ಲ, ಕೆಲವೊಮ್ಮೆ ಬಿಳಿ ರಕ್ತಕಣ ಅಂತ ಸೇರಿಬಿಡುತ್ತದೆ. ರಕ್ತ ಕೊಟ್ಟು ಎಷ್ಟು ಹೊತ್ತಾದ ಮೇಲೆ ಮೆಷಿನ್‌ಗೆ ಹಾಕುತ್ತಾರೋ ಅಷ್ಟು ಗಂಟು ಜಾಸ್ತಿ. ಇದು ಟ್ಯೂಬಿನೊಳಗಿನ ತೊಂದರೆ, ಅಮ್ಮನ ಮೈಯೊಳಗಿನದಲ್ಲ. ಇಡಿಟಿಎ ಬದಲು ಸಿಟ್ರೇಟ್ ಇರುವ ನೀಲಿ ಮುಚ್ಚಳದ ಟ್ಯೂಬಿನಲ್ಲಿ ಇನ್ನೊಮ್ಮೆ ಕೊಡಿ. ಬಂದ ಸಂಖ್ಯೆಯನ್ನು 1.1ರಿಂದ ಗುಣಿಸಬೇಕು.

ಭೀಮಾ ತೀರ, ಯಾದಗಿರಿ:
ಡೆಂಗಿ ಸೀಸನ್ನಲ್ಲಿ ನಮ್ಮ ಚಿಕ್ಕಪ್ಪನಿಗೆ ಹೀಗೇ ಆಯ್ತು. ಪಪ್ಪಾಯಿ ಎಲೆ ರಸ ಕುಡಿಸಿ ಕುಡಿಸಿ ವಾಂತಿ ಮಾಡಿಸಿದ್ದಾಯ್ತು, ಪ್ಲೇಟ್‌ಲೆಟ್ ಚೀಲವನ್ನೂ ಏರಿಸಿದರು. ರಕ್ತಸ್ರಾವ ಇಲ್ಲದಿದ್ದರೆ, ಸಂಖ್ಯೆ 10 ಸಾವಿರಕ್ಕಿಂತ ಮೇಲಿದ್ದರೆ ಸಾಮಾನ್ಯವಾಗಿ ಅದರ ಅಗತ್ಯವೇ ಇರಲ್ಲವಂತೆ! ಆದರೆ ಒಂದು ಮಾತು, ಕಡಿಮೆ ಬಂದದ್ದೆಲ್ಲ ಸುಳ್ಳು ಅಂದುಕೊಂಡು ಸುಮ್ನೆ ಕೂರಬೇಡಿ. ಡೆಂಗಿಯಲ್ಲಿ ನಿಜವಾಗಿಯೂ ಇಳಿಯುತ್ತದೆ.

ಸೇಡಂ ರೋಡ್:
ಸ್ಮಿಯರ್ ಮಾಡಿಲ್ಲವಂತೆ, ಕೇಳಿದ್ದಕ್ಕೆ ಮುಖ ಸಿಂಡರಿಸಿದರು. ನೀಲಿ ಟ್ಯೂಬ್ ಇಲ್ಲೇ ಸಿಗುತ್ತಾ? ಅದರಲ್ಲೂ ಗಂಟಾದರೆ?

ನೇರಳೆ ಮುಚ್ಚಳ:
ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಬೇಕು ಅಂತ ನೋಡುವ ಪಿಟಿ ಟೆಸ್ಟ್ ಮಾಡುವ ಲ್ಯಾಬಲ್ಲಿ ಇದ್ದೇ ಇರುತ್ತದೆ. ಗುರುತಿನವರೆಗೂ ರಕ್ತ ತುಂಬಿಸಲು ಹೇಳಿ, ಅರ್ಧ ತುಂಬಿದರೆ ಲೆಕ್ಕ ತಪ್ಪುತ್ತದೆ. ಕೆಲವರದ್ದು ಸಿಟ್ರೇಟಲ್ಲೂ ಗಂಟು ಕಟ್ಟುತ್ತದೆ. ಆಗ ಬೆರಳು ಚುಚ್ಚಿ ನೇರ ಗಾಜಿನ ಮೇಲೆ ಸ್ಮಿಯರ್ ಎಳೆಸಿ, ಪ್ಯಾಥಾಲಜಿಸ್ಟ್ ನೋಡಿ ಅಂದಾಜು ಬರೆಯಲಿ. ಆ ರಿಪೋರ್ಟ್ ಬರೋವರೆಗೆ ಸ್ಟೀರಾಯ್ಡ್ ತಡೆಯಬಹುದಾ ಅಂತ ಡಾಕ್ಟರಿಗೆ ನೇರವಾಗಿ ಕೇಳಿ, ಅದರಿಂದ ಶುಗರ್ ಏರುತ್ತದೆ.