ಅಜ್ಜ-ಆಯಿಯ ಫೋಟೋಗೆ ಸಾಗವಾನಿ ಫ್ರೇಮೋ, ಫೈಬರ್ರೋ?

ಟಿಳಕವಾಡಿಯವ:
ನಮ್ಮ ಅಜ್ಜ-ಆಯಿಯ ಮದುವೆ ಫೋಟೋ ದೊಡ್ಡದು ಮಾಡಿಸಿದ್ದೇನೆ, ಎರಡಡಿ ಅಗಲ, ಮೂರಡಿ ಎತ್ತರ. ಮೊದಲಿದ್ದ ಚಿಕ್ಕದಕ್ಕೆ ಎಂಡಿಎಫ್ ಫ್ರೇಮ್ ಇತ್ತು. ಮೂರೇ ಮಳೆಗಾಲ ನೋಡ್ರಿ, ಕೆಳಗಿನ ಪಟ್ಟಿ ಚಹಾದಲ್ಲಿ ಅದ್ದಿದ ಖಾರಿ ಹಾಗೆ ಉಬ್ಬಿ, ಮೇಲಿನ ಮರದ ಗೆರೆಯ ಕಾಗದ ಸುಲಿದು ಬಂತು. ಈಗ ಅಂಗಡಿಯವರು ಫೈಬರ್ ಹಾಕಿಸಿ ಅಂತಾರೆ. ಅಪ್ಪನಿಗೆ ಸಾಗವಾನಿಯೇ ಆಗಬೇಕು. ರೇಟ್ ಕೇಳಿ ಸುಮ್ನೆ ಮನೆಗೆ ಬಂದೆ. ಯಾವುದು ಹಾಕಿಸಲಿ?

ಬಾಗಲಕೋಟೆ ಕಾಕಾ:
ಕೆಲವು ವರ್ಷ ಫ್ರೇಮ್ ಅಂಗಡಿಯಲ್ಲಿ ಕೆಲಸ ಮಾಡಿದವನು ನಾನು. ಅಂಗಡಿಯಲ್ಲಿ ಫೈಬರ್ ಅನ್ನೋದು ಹೆಚ್ಚಾಗಿ ಪಾಲಿಸ್ಟೈರೀನ್, ಅಂದ್ರೆ ಪ್ಲಾಸ್ಟಿಕ್ಕೇ. ಥರ್ಮಾಕೋಲ್ ಇದೆಯಲ್ಲ, ಅದೇ ಜಾತಿ, ಇದು ಗಟ್ಟಿ. ನೀರು ಕುಡಿಯಲ್ಲ, ಗೆದ್ದಲು ತಿನ್ನಲ್ಲ. ಎಂಡಿಎಫ್ ಹಾಗಲ್ಲ, ಮರದ ನಾರಿಗೆ ಅಂಟು ಕೂಡಿಸಿ ಒತ್ತಿದ್ದು. ಒಮ್ಮೆ ಉಬ್ಬಿದರೆ ಬಿಸಿಲಿಗಿಟ್ಟರೂ ಮೊದಲಿನಂತಾಗಲ್ಲ.

ಆದರೆ ನಿಮ್ಮ ಅಳತೆಗೆ 2 ಎಂಎಂ ಗಾಜೊಂದೇ ಹತ್ತಿರ ಹತ್ತಿರ 2.8 ಕೆಜಿ ಆಗುತ್ತದೆ. ತೆಳು ಫೈಬರ್ ಪಟ್ಟಿಯಾದರೆ ಆ ಭಾರಕ್ಕೆ ಕೆಳಗಿನ ಮೂಲೆ ಬಾಯಿ ಬಿಡುತ್ತದೆ. ಗಾಜಿನ ಬದಲು ಅಕ್ರಿಲಿಕ್ ಹಾಕಿಸಿದರೆ ಅರ್ಧ ತೂಕ, ಒರೆಸುವಾಗ ಗೀರು ಬೀಳುತ್ತದೆ ಅಷ್ಟೇ. ಚಿಕ್ಕ ಫೋಟೋಗೆ ಕಣ್ಣು ಮುಚ್ಚಿ ಫೈಬರ್ ಹಾಕಿಸಿ. ಇದಕ್ಕೆ ಮರ.

ವಿಜಯಪುರದ ಅಕ್ಕ:
ಮರ ಅಂದ ಕೂಡಲೇ ಎಲ್ಲಾ ಮುಗೀತು ಅಂದ್ಕೋಬೇಡಪ್ಪಾ. ನಾವು ಜುಲೈದಾಗ ಬೆಳಗಾವಿಯಲ್ಲಿ ಮಾಡಿಸಿ ಇಲ್ಲಿಗೆ ತಂದಿದ್ದೆವು. ಮೇ ಬಿಸಿಲಿಗೆ ನಾಲ್ಕೂ ಮೂಲೆ ಬಿಟ್ಟುಕೊಂಡು, ಪೋಸ್ಟ್‌ಕಾರ್ಡ್ ತೂರುವಷ್ಟು ಸಂದಿ. ಹಸಿ ಮರ ಕೊಟ್ಟಿದ್ದರು, ಇಲ್ಲಿ ಒಣಗಿ ಕುಗ್ಗಿತು. ಸಾಗವಾನಿ ಹೌದೋ ಅಲ್ಲೋ ಅನ್ನೋದಕ್ಕಿಂತ ಎಷ್ಟು ದಿನ ಒಣಗಿಸಿದ್ದು ಅಂತ ಮೊದಲು ಕೇಳು.

ಶಹಾಪುರ ಗಲ್ಲಿ:
ಎಲ್ಲರೂ ಮುಂದಿನ ಪಟ್ಟಿಯ ಬಗ್ಗೆಯೇ ಮಾತಾಡ್ತಿದ್ದೀರಿ, ಫ್ರೇಮ್ ಹಾಳಾಗೋದು ಹಿಂದಿನಿಂದ. ನಮ್ಮನೆಯಲ್ಲಿ ಅಸಲಿ ಸಾಗವಾನಿ ಫ್ರೇಮೇ ಇತ್ತು. ಮಳೆ ಹೊಡೆಯುವ ಪಡುವಣ ಗೋಡೆಗೆ ಒತ್ತಿ ಹಾಕಿದ್ದೆವು. ಒಂದು ದಿನ ಇಳಿಸಿ ನೋಡಿದರೆ ಹಿಂದಿನ ಹಾರ್ಡ್‌ಬೋರ್ಡ್ ತುಂಬ ಗೆದ್ದಲ ಮಣ್ಣು, ಫೋಟೋದಲ್ಲಿ ಕಾಕಾನ ರುಮಾಲು ಮಾತ್ರ ಉಳಿದಿತ್ತು. ಫ್ರೇಮಿಗೆ ಒಂದು ಚೂರೂ ಆಗಿಲ್ಲ! ಅದನ್ನು ಇಟ್ಟುಕೊಂಡು ಏನು ಮಾಡಲಿ?

ಒಳಗಿನ ಗೋಡೆಗೆ ಹಾಕಿ. ಹಿಂದೆ ಕೆಳಗಿನ ಎರಡು ಮೂಲೆಗೆ ಬಾಟಲಿ ಬೂಚಿನ ತುಂಡು ಅಂಟಿಸಿ, ಗಾಳಿ ಆಡಲಿ. ಗಾಜು ಫೋಟೋಗೆ ತಾಗದ ಹಾಗೆ ನಡುವೆ ಮೌಂಟ್ ಬೋರ್ಡ್, ಅಂದ್ರೆ ಫೋಟೋ ಕಾಣುವಷ್ಟು ಜಾಗ ಕತ್ತರಿಸಿದ ದಪ್ಪ ರಟ್ಟು, ಇರಲೇಬೇಕು, ಇಲ್ಲಾಂದ್ರೆ ತೇವಕ್ಕೆ ಅಂಟಿಕೊಂಡು ಬಿಡಿಸುವಾಗ ಮುಖವೇ ಕಿತ್ತು ಬರುತ್ತದೆ.

ಟಿಳಕವಾಡಿಯವ:
ಅಯ್ಯೋ, ನಾನು ಹಾಕಬೇಕಂತಿದ್ದದ್ದು ಆ ಪಡುವಣ ಗೋಡೆಗೇ. ಅಪ್ಪನಿಗೆ ಇದನ್ನೆಲ್ಲಾ ಓದಿ ಹೇಳಿದೆ. ಬೈಲಹೊಂಗಲ ಕಡೆ ನಮ್ಮ ಹಳೆ ಮನೆ ಬಿಚ್ಚಿದಾಗಿನ ಸಾಗವಾನಿ ಬಾಗಿಲು ಅಟ್ಟದ ಮೇಲೆ ಬಿದ್ದಿದೆಯಂತೆ. ಅಜ್ಜನ ಕಾಲದ್ದು. ಅದನ್ನೇ ಸೀಳಿಸಬಹುದಾ ಕಾಕಾ?

ಬಾಗಲಕೋಟೆ ಕಾಕಾ:
ಅದಕ್ಕಿಂತ ಒಣಗಿದ ಮರ ಎಲ್ಲಿ ಸಿಗುತ್ತಪ್ಪಾ. ಸೀಳಿಸುವ ಮೊದಲು ಮೊಳೆ ಎಲ್ಲಾ ಕೀಳಿಸು, ಒಂದು ಒಳಗೆ ಉಳಿದರೂ ಮಷೀನಿನ ಬ್ಲೇಡ್ ಹೋಗಿ ಬಡಗಿ ನಿನ್ನ ಮೇಲೆ ಹಾಯ್ತಾನೆ.